ತುರ್ಭೆ: ಕೀಲಿ ಯಾರ ಕೈಯಲ್ಲಿ?

ಮುಂಬಯಿಯ ಸುತ್ತ ತುರ್ಭೆ ಎಂಬ ಹೆಸರಿನ ಊರು ಎರಡಿವೆ. ನಾವು ಇಂಗ್ಲಿಷರಿಂದ ಕಲಿತು ಟ್ರಾಂಬೆ ಎನ್ನುವ ಜಾಗವನ್ನು ಮರಾಠಿಯವರು ಇಂದಿಗೂ ತುರ್ಭೆ ಎಂದೇ ಕರೆಯುತ್ತಾರೆ. ಅದು ಥಾಣೆ ಖಾಡಿಯ ಆಚೆ ದಡ. ಏಷ್ಯಾದ ಮೊದಲ ಅಣುಸ್ಥಾವರಗಳಲ್ಲೊಂದಾದ 'ಅಪ್ಸರಾ' 1956ರ ಆಗಸ್ಟ್‌ನಲ್ಲಿ ಚಾಲೂ ಆದದ್ದು ಅಲ್ಲಿ. ಇನ್ನೊಂದು ತುರ್ಭೆ ಖಾಡಿಯ ಈಚೆ, ನವಿ ಮುಂಬಯಿಯದು. ಇದರ ಹೆಸರು ಕೇಳಿದರೆ ಮುಂಬಯಿಗರಿಗೆ ನೆನಪಾಗುವುದು ಈರುಳ್ಳಿ, ಬಟಾಟೆ, ಲಾರಿ ಮತ್ತು ಕಾರ್ಖಾನೆ. ನಾನು ಹೇಳಹೊರಟಿರುವುದು ಈಚೆ ದಡದ ತುರ್ಭೆಯ ಸಂಗತಿ. ಆದರೆ ಆಚೆ ದಡದ ನೆನಪೂ ಇರಲಿ, ಮುಂದೆ ಬೇಕಾಗುತ್ತದೆ.

ಥಾಣೆಯಿಂದ ವಾಶಿ, ಪನ್ವೇಲ್ ಕಡೆಗೆ ಹೋಗುವ ಟ್ರಾನ್ಸ್-ಹಾರ್ಬರ್ ಲೋಕಲ್ 2004ರಲ್ಲಿ ಶುರುವಾಯಿತು. ಐರೋಲಿ, ರಬಾಳೆ, ಘಣಸೋಲಿ, ಕೋಪರ್ ಖೈರಣೆ ದಾಟಿದರೆ ತುರ್ಭೆ. ನಿಲ್ದಾಣದ ಪಶ್ಚಿಮಕ್ಕೆ ಇಳಿದರೆ ಎಪಿಎಂಸಿ ಮಾರುಕಟ್ಟೆ. ಮೇ ತಿಂಗಳಲ್ಲಿ ಹಾಪೂಸ್ ಮಾವಿನ ಪರಿಮಳ, ಉಳಿದ ಹನ್ನೊಂದು ತಿಂಗಳು ಈರುಳ್ಳಿ ಸಿಪ್ಪೆಯ ಘಾಟು. ಪೂರ್ವಕ್ಕೆ ಇಳಿದರೆ ಥಾಣೆ-ಬೇಲಾಪುರ ರಸ್ತೆ. ಅದರಾಚೆ 1960ರ ದಶಕದಿಂದ ಬೆಳೆದ ಎಂಐಡಿಸಿ ಕೈಗಾರಿಕಾ ಪಟ್ಟಿ, ಅದರ ಬೆನ್ನಿಗೆ ಪಾರಸಿಕ್ ಬೆಟ್ಟ. ರಸ್ತೆಗೂ ಬೆಟ್ಟಕ್ಕೂ ನಡುವೆ, ಕಾರ್ಖಾನೆಗಳ ಗೋಡೆಗೆ ಒರಗಿಕೊಂಡ ಹಾಗೆ, ಝೋಪಡಪಟ್ಟಿಗಳಿವೆ: ತುರ್ಭೆ ಸ್ಟೋರ್, ಹನುಮಾನ್ ನಗರ, ಇಂದಿರಾ ನಗರ, ಗಣಪತಿ ಪಾಡಾ.

ಈ ಗಲ್ಲಿಗಳಲ್ಲಿ ನಡೆದರೆ ಕನ್ನಡ ಕಿವಿಗೆ ಬೀಳುತ್ತದೆ. ಮಾಟುಂಗಾದ ಕನ್ನಡವಲ್ಲ, ಉಡುಪಿ ಹೋಟೆಲಿನ ಗಲ್ಲೆಯ ಮೇಲಿನ ಕನ್ನಡವೂ ಅಲ್ಲ. ಇದು ಕಲಬುರಗಿ, ಯಾದಗಿರಿ, ವಿಜಯಪುರದ ಕಡೆಯದು. ಬೆಟ್ಟದ ಕ್ವಾರಿಯಲ್ಲಿ ಕಲ್ಲು ಒಡೆಯಲು, ಸ್ಲ್ಯಾಬಿಗೆ ಕಬ್ಬಿಣ ಕಟ್ಟಲು, ರಸ್ತೆ ಅಗೆಯಲು ಬಂದವರು ಇವರು. ನವಿ ಮುಂಬಯಿಯನ್ನು ಯೋಜಿಸಿದ್ದು ಸಿಡ್ಕೋ ಎಂದು 1970ರಿಂದ ಕಾಗದದಲ್ಲಿ ಬರೆದಿದೆ. ಜಲ್ಲಿ ಹೊತ್ತವರ ಹೆಸರು ಎಲ್ಲೂ ಇಲ್ಲ. ಅವರ ಮಕ್ಕಳು ಈಗ ಹತ್ತನೇ ತರಗತಿ ಮುಗಿಸುತ್ತಿದ್ದಾರೆ. ಮನೆಯಲ್ಲಿ ಕನ್ನಡ, ಗಲ್ಲಿಯಲ್ಲಿ ಹಿಂದಿ, ಶಾಲೆಯಲ್ಲಿ ಮರಾಠಿ ಅಥವಾ ಇಂಗ್ಲಿಷ್.

ಕಳೆದ ಮಳೆಗಾಲದ ಆರಂಭದಲ್ಲಿ ಪರಿಚಯದವರೊಬ್ಬರ ಕಾಗದಪತ್ರದ ಕೆಲಸಕ್ಕೆ ನಾನು ತುರ್ಭೆ ಸ್ಟೋರಿನ ಒಂದು ಅಂಗಡಿಯ ಮುಂದೆ ಒಂದೂವರೆ ಗಂಟೆ ನಿಂತಿದ್ದೆ. ನಿಮ್ಮ ಬೀದಿಯಲ್ಲೂ ಇಂಥದ್ದೊಂದು ಇದ್ದೇ ಇರುತ್ತದೆ: ಝೆರಾಕ್ಸ್, ಆಧಾರ್, ಪ್ಯಾನ್, ರೈಲು ಟಿಕೆಟ್, ಪಾಸ್‌ಪೋರ್ಟ್ ಸೈಜ್ ಫೋಟೋ, 'ಎಲ್ಲಾ ತರಹದ ಆನ್‌ಲೈನ್ ಫಾರ್ಮ್ ತುಂಬಿಕೊಡಲಾಗುವುದು'. ಹತ್ತಡಿ ಅಗಲದ ಖೋಲಿ, ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ಒಬ್ಬ ಮನುಷ್ಯ. ಕೌಂಟರಿನ ಈಚೆ ಪ್ಲಾಸ್ಟಿಕ್ ಚೀಲದಲ್ಲಿ ದಾಖಲೆ ಹಿಡಿದುಕೊಂಡ ಮೂವತ್ತು ಜನ.

ನನ್ನ ಮುಂದೆ ತಾಯಿ-ಮಗಳು ನಿಂತಿದ್ದರು. ಅವರ ಮಾತು ಕೇಳಿ ನಾನು ಕನ್ನಡದಲ್ಲೇ ಊರು ಯಾವುದೆಂದು ವಿಚಾರಿಸಿದೆ.

"ಯಾದಗಿರಿ ಕಡಿಯವ್ರೀ ಅಣ್ಣಾರ. ನೀವೂ ಕನ್ನಡದವ್ರೇನ್ರಿ? ನಿಮ್ ಕನ್ನಡ ಪುಸ್ತಕದಾಗಿಂದು ಇದ್ದಾಂಗ ಅದ ನೋಡ್ರಿ" ಎಂದು ತಾಯಿ ನಕ್ಕರು.

ಮಗಳು ಹತ್ತನೇ ತರಗತಿ ಪಾಸಾಗಿದ್ದಳು. ಹನ್ನೊಂದನೇ ತರಗತಿಯ ಪ್ರವೇಶದ ಫಾರ್ಮ್ ತುಂಬಲು ಬಂದಿದ್ದಳು. ಮುಂಬಯಿ ಮಹಾನಗರ ಪ್ರದೇಶದಲ್ಲಿ ಈ ಪ್ರವೇಶ 2009ರಿಂದಲೇ ಆನ್‌ಲೈನ್. ಫಾರ್ಮಿನಲ್ಲಿ ಎರಡು ಭಾಗ. ಮೊದಲನೆಯದರಲ್ಲಿ ಹೆಸರು, ಅಂಕ, ಜಾತಿ, ದಾಖಲೆ. ಎರಡನೆಯದರಲ್ಲಿ ತನಗೆ ಬೇಕಾದ ಕಾಲೇಜುಗಳ ಪಟ್ಟಿ, ಆದ್ಯತೆಯ ಕ್ರಮದಲ್ಲಿ, ಹತ್ತರವರೆಗೆ. ಈ ಕ್ರಮವೇ ಮುಖ್ಯ. ಮೊದಲನೆಯ ಆದ್ಯತೆಯ ಕಾಲೇಜೇ ಸಿಕ್ಕಿಬಿಟ್ಟರೆ ಅಲ್ಲಿಗೇ ಸೇರಬೇಕು. ಬೇಡವೆಂದರೆ ಮುಂದಿನ ಸುತ್ತುಗಳ ಬಾಗಿಲು ಮುಚ್ಚುತ್ತದೆ. ಹದಿನಾರು ವರ್ಷದ ಹುಡುಗಿಯ ಮುಂದಿನ ಎರಡು ವರ್ಷದ ಬಸ್ಸು, ಲೋಕಲ್ಲು, ಫೀಸು, ಮನೆಗೆ ಮರಳುವ ಹೊತ್ತು, ಎಲ್ಲವೂ ಆ ಹತ್ತು ಸಾಲುಗಳಲ್ಲಿದೆ.

"ಹತ್ತು ಕಾಲೇಜು ಯಾವುದೆಂದು ನೀನೇ ಆರಿಸಿದೆಯಾ ಮಗಾ?" ಎಂದು ಕೇಳಿದೆ.

"ಎರಡು ನಾ ಹೇಳೀನ್ರಿ ಅಂಕಲ್. ಉಳಿದದ್ದು ಅಂಗಡಿಯವ್ರೇ ಹಾಕ್ತಾರ್ರಿ."

"ಅವ್ರಿಗಿ ತಿಳೀತದಲ್ರೀ, ದಿನಾ ಇದೇ ಮಾಡ್ತಾರ" ಎಂದರು ತಾಯಿ.

"ಆಮೇಲೆ ಪಟ್ಟಿ ಬದಲಿಸಬೇಕು ಅಂದ್ರೆ? ಲಾಗಿನ್ ನಿನ್ನ ಹತ್ರ ಇದೆಯಾ?"

"ಇಲ್ರಿ. ಅವ್ರ ನಂಬರಿಗೇ ಓಟಿಪಿ ಬರ್ತದ್ರಿ. ಅಪ್ಪನ ನಂಬರ್ ರಿಚಾರ್ಜ್ ಇಲ್ಲ."

ಅಂಗಡಿಯವನು ಕೆಟ್ಟವನಲ್ಲ. ಕಣ್ಣು ಕೆಂಪಾಗುವ ತನಕ ಟೈಪ್ ಮಾಡುತ್ತಾನೆ, ದುಡ್ಡಿಲ್ಲದವರಿಗೆ "ನಾಳೆ ಕೊಡು" ಎನ್ನುತ್ತಾನೆ, ಇಡೀ ಗಲ್ಲಿಯ ಪಾಸ್‌ವರ್ಡುಗಳನ್ನು ಒಂದು ಉದ್ದನೆಯ ಲೆಕ್ಕದ ಪುಸ್ತಕದಲ್ಲಿ ಬರೆದಿಟ್ಟಿದ್ದಾನೆ. ಆದರೆ ಒಬ್ಬೊಬ್ಬರಿಗೆ ಅವನು ಕೊಡಬಲ್ಲದ್ದು ಐದೋ ಹತ್ತೋ ನಿಮಿಷ. ಪರದೆ ಅವನ ಕಡೆಗೆ ತಿರುಗಿದೆ. ಹುಡುಗಿ ಕೌಂಟರಿನ ಈಚೆ ನಿಂತು ತನ್ನ ಫಾರ್ಮಿನ ಬೆನ್ನನ್ನು ನೋಡುತ್ತಿದ್ದಾಳೆ. ಕಂಪ್ಯೂಟರಿನ ಕೀಬೋರ್ಡಿಗೆ ಕನ್ನಡದಲ್ಲಿ ಕೀಲಿಮಣೆ ಎಂಬ ಒಳ್ಳೆಯ ಶಬ್ದವಿದೆ. ಬಾಗಿಲಿನ ಕೀಲಿಯೂ ಅದೇ ಶಬ್ದ. ತುರ್ಭೆಯಲ್ಲಿ ಈ ಎರಡೂ ಕೀಲಿ ಇನ್ನೊಬ್ಬರ ಕೈಯಲ್ಲಿವೆ.

ಈ ಮಾತು ಹೇಳಿದಾಗ ಸ್ನೇಹಿತರು ಸಾಮಾನ್ಯವಾಗಿ ಕೇಳುವ ಪ್ರಶ್ನೆ: ಈಗ ಎಲ್ಲರ ಕೈಯಲ್ಲೂ ಮೊಬೈಲ್ ಇದೆಯಲ್ಲ, ಕಂಪ್ಯೂಟರ್ ಯಾಕೆ? ಮೊಬೈಲ್ ಇದೆ ನಿಜ. ಮನೆಗೊಂದು. ಅದು ಬೆಳಿಗ್ಗೆ ಅಪ್ಪನ ಜೊತೆ ನಾಕಾಕ್ಕೆ ಹೋಗುತ್ತದೆ, ರಾತ್ರಿ ಅಣ್ಣನ ಕೈಗೆ ಬರುತ್ತದೆ, ಹುಡುಗಿಯ ಸರದಿ ಕೊನೆಗೆ. ಫೋನಿನಲ್ಲಿ ನೋಡಬಹುದು, ಕೇಳಬಹುದು, ದುಡ್ಡು ಕಳಿಸಬಹುದು. ಆದರೆ ಅಂಗೈಯಗಲದ ಪರದೆಯ ಮೇಲೆ ಹತ್ತು ಕಾಲೇಜುಗಳ ಹಿಂದಿನ ವರ್ಷದ ಕಟ್-ಆಫ್ ಪಕ್ಕಪಕ್ಕ ಇಟ್ಟು ಹೋಲಿಸುವುದು, ಜಾತಿ ಪ್ರಮಾಣಪತ್ರವನ್ನು ಕೇಳಿದ ಅಳತೆಗೆ ಕುಗ್ಗಿಸುವುದು, ಎರಡು ಪುಟದ ಅರ್ಜಿ ಬರೆಯುವುದು, ಲೆಕ್ಕದ ಪಟ್ಟಿ ಕೂಡಿಸುವುದು ಕಷ್ಟ. ಈಗಿನ ಗುಮಾಸ್ತಿಕೆ, ಗೋದಾಮಿನ ಲೆಕ್ಕ, ಆಸ್ಪತ್ರೆಯ ಕೌಂಟರು, ಯಾವ ಕೆಲಸಕ್ಕೆ ಹೋದರೂ ಕೂರಿಸುವುದು ಕೀಲಿಮಣೆಯ ಮುಂದೆ. ಫೋನಿನಲ್ಲಿ ಬೆಳೆದ ಮಗು ಆ ಕುರ್ಚಿಯಲ್ಲಿ ಕುಳಿತಾಗ ಎರಡು ಬೆರಳಲ್ಲಿ ತಡಕಾಡುತ್ತದೆ.

ಹಾಗಾದರೆ ಮನೆಗೊಂದು ಕಂಪ್ಯೂಟರ್ ಬೇಕೆ? ಹತ್ತಡಿ ಖೋಲಿಯಲ್ಲಿ ಐದು ಜನ ಮಲಗುವ ಮನೆಯಲ್ಲಿ ಅದನ್ನು ಇಡುವುದೆಲ್ಲಿ? ಇಂಥ ಕಡೆ ಬೇಕಾದದ್ದು ಗಲ್ಲಿಗೊಂದು ಕೋಣೆ, ಅದರಲ್ಲಿ ಹತ್ತು ಕುರ್ಚಿ. ಹಂಚಿಕೊಂಡು ಬಳಸುವ ಕಂಪ್ಯೂಟರ್. ಹಂಚಿಕೊಳ್ಳುವುದೆಂದರೆ ಬಡವರಿಗೆ ಮಾಡಿದ ಕಡಿಮೆ ದರ್ಜೆಯ ಏರ್ಪಾಡು ಎಂದು ತಿಳಿಯಬೇಕಾಗಿಲ್ಲ. ಮುಂಬಯಿಯಲ್ಲಿ ಕಂಪ್ಯೂಟರ್ ಶುರುವಾದದ್ದೇ ಹಂಚಿಕೆಯಿಂದ. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯಲ್ಲಿ 1960ರಲ್ಲಿ ಕೆಲಸ ಶುರುಮಾಡಿದ 'ಟಿಫ್ರ್ಯಾಕ್' ನಮ್ಮ ದೇಶದಲ್ಲೇ ಕಟ್ಟಿದ ಮೊದಲ ಕಂಪ್ಯೂಟರುಗಳಲ್ಲಿ ಒಂದು. 1964ರಲ್ಲಿ ಅದೇ ಸಂಸ್ಥೆಗೆ ಸಿಡಿಸಿ 3600 ಎಂಬ ದೊಡ್ಡ ಯಂತ್ರ ಬಂತು. ದೇಶದ ಬೇರೆ ಬೇರೆ ಸಂಸ್ಥೆಗಳ ವಿಜ್ಞಾನಿಗಳು ತಮ್ಮ ಲೆಕ್ಕಗಳನ್ನು ಕಾರ್ಡುಗಳಲ್ಲಿ ತೂತು ಹೊಡೆಸಿ ತಂದು, ಸರದಿಯಲ್ಲಿ ಕಾದು, ಆ ಒಂದೇ ಯಂತ್ರವನ್ನು ಬಳಸಿದರು. ಆಚೆ ದಡದ ತುರ್ಭೆಯ ಅಣುವಿಜ್ಞಾನಿಗಳ ಕಾಲದ ಮುಂಬಯಿ ಹಾಗಿತ್ತು. ಸರದಿಗೆ ಒಂದು ಪಟ್ಟಿಯಿತ್ತು, ಯಂತ್ರ ನೋಡಿಕೊಳ್ಳಲು ಸಂಬಳದ ಜನರಿದ್ದರು. ಹಂಚಿಕೆ ನಡೆದದ್ದು ಈ ಎರಡರಿಂದ.

ಕನ್ನಡಕ್ಕೂ ಇದರಲ್ಲಿ ಪಾಲಿದೆ. ನಾವಿಂದು ಬಳಸುವ ಕನ್ನಡ ಕೀಲಿಮಣೆಯ ವಿನ್ಯಾಸ ರೂಪಿಸಿದ ಕಿನ್ನಿಕಂಬಳದ ಕೆ.ಪಿ. ರಾವ್ ಅವರು ಮುಂಬಯಿಯ ಟಾಟಾ ಪ್ರೆಸ್‌ನಲ್ಲಿ ದುಡಿದವರು. ಹೊಟ್ಟೆಪಾಡಿಗೆ ಈ ಊರಿಗೆ ಬಂದ ಕನ್ನಡಿಗರ ಸಾಲಿನಲ್ಲಿ ಅವರೂ ಒಬ್ಬರು. ಕೀಲಿಮಣೆ ನಮಗೆ ಹೊಸತಲ್ಲ.

ಬಡಬಸ್ತಿಗಳಿಗೆ ಅಗ್ಗದ, ಹಂಚಿಕೆಯ ಕಂಪ್ಯೂಟರ್ ಕೊಡುವ ಪ್ರಯತ್ನಗಳೂ ಹೊಸತಲ್ಲ. ಕಳೆದ ಇಪ್ಪತ್ತೈದು-ಮೂವತ್ತು ವರ್ಷಗಳಲ್ಲಿ ಭಾರತದಲ್ಲಿ ನಡೆದಷ್ಟು ಪ್ರಯೋಗ ಇನ್ನೆಲ್ಲೂ ನಡೆದಿರಲಿಕ್ಕಿಲ್ಲ. ಅವುಗಳಲ್ಲಿ ಕೆಲವನ್ನು ನೋಡಿದರೆ ತುರ್ಭೆಗೆ ಏನು ಬೇಕು ಎಂಬುದು ತಿಳಿಯುತ್ತದೆ.

ಮೊದಲು ನಮ್ಮ ಬೆಂಗಳೂರಿನದು. 'ಸಿಂಪ್ಯೂಟರ್' ನೆನಪಿರಬಹುದು. ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರೂ ಒಂದು ಸಾಫ್ಟ್‌ವೇರ್ ಕಂಪನಿಯ ಎಂಜಿನಿಯರುಗಳೂ ಸೇರಿ ಸುಮಾರು 9,000 ರೂಪಾಯಿಗೆ ಸಿಗಬೇಕೆಂದು ಯೋಜಿಸಿದ ಅಂಗೈ ಕಂಪ್ಯೂಟರ್ ಅದು. ಅದರಲ್ಲೊಂದು ಜಾಣ ಉಪಾಯವಿತ್ತು. ಊರಿಗೆ ಒಂದೇ ಯಂತ್ರ, ಆದರೆ ಒಬ್ಬೊಬ್ಬರಿಗೂ ಒಂದೊಂದು ಸ್ಮಾರ್ಟ್ ಕಾರ್ಡ್. ಕಾರ್ಡು ತೂರಿಸಿದರೆ ಯಂತ್ರ ಆ ಹೊತ್ತಿಗೆ ನಿಮ್ಮದು, ಕಾರ್ಡು ತೆಗೆದರೆ ಇನ್ನೊಬ್ಬರದು. ನಿಮ್ಮ ವಿವರ ನಿಮ್ಮ ಕಿಸೆಯಲ್ಲಿ. 2004ರಲ್ಲಿ ಭಾರತ್ ಎಲೆಕ್ಟ್ರಾನಿಕ್ಸ್‌ನ ಜೊತೆಗೂಡಿ ಮಾರುಕಟ್ಟೆಗೂ ಬಂತು. ಅಂದುಕೊಂಡಷ್ಟು ಮಾರಾಟವಾಗಲಿಲ್ಲ, ಮೊಬೈಲ್ ಫೋನು ಅದನ್ನು ಹಿಂದಿಕ್ಕಿತು. ಆದರೆ ಆ ಕಾರ್ಡಿನ ಯೋಚನೆ ಇವತ್ತಿಗೂ ಸರಿ. ಯಂತ್ರ ಎಲ್ಲರದಾಗಿರಲಿ, ಕೀಲಿ ಅವರವರದಾಗಿರಲಿ. ಪಾಸ್‌ವರ್ಡ್ ಪುಸ್ತಕದ ಅಂಗಡಿಯ ಮುಂದೆ ನಿಂತಾಗ ನನಗೆ ಇದೇ ನೆನಪಾಗಿತ್ತು.

ಎರಡನೆಯದು ದೆಹಲಿಯ ಕಾಲ್ಕಾಜಿ. 1999ರಲ್ಲಿ ಎನ್‌ಐಐಟಿಯ ಸುಗತ ಮಿತ್ರಾ ತಮ್ಮ ಕಚೇರಿಗೂ ಪಕ್ಕದ ಕೊಳೆಗೇರಿಗೂ ನಡುವಿನ ಗೋಡೆಯಲ್ಲಿ ತೂತು ಕೊರೆದು ಒಂದು ಕಂಪ್ಯೂಟರ್ ಇಟ್ಟರು. ಕಲಿಸುವವರು ಯಾರೂ ಇಲ್ಲ. ಮಕ್ಕಳು ತಾವೇ ತಡವಿ, ಒಬ್ಬರಿಗೊಬ್ಬರು ಹೇಳಿಕೊಟ್ಟು ಬಳಸಲು ಕಲಿತರು. ಜಗತ್ತೆಲ್ಲ ಮೆಚ್ಚಿತು. ಮಕ್ಕಳ ಕುತೂಹಲದ ಬಗ್ಗೆ ಮಿತ್ರಾ ಹೇಳಿದ್ದು ನಿಜವೇ. ಆದರೆ ಆಮೇಲೆ ಹೋಗಿ ನೋಡಿದ ಸಂಶೋಧಕರಿಗೆ ಕಂಡದ್ದು ಬೇರೆ: ಗೋಡೆಯ ಮುಂದೆ ಹೆಚ್ಚಾಗಿ ಗಂಡುಹುಡುಗರು, ಪರದೆಯ ಮೇಲೆ ಹೆಚ್ಚಾಗಿ ಆಟ ಮತ್ತು ಚಿತ್ರ ಬಿಡಿಸುವುದು. ಬೀದಿಗೆ ತೆರೆದ ಜಾಗದಲ್ಲಿ ನೂಕುನುಗ್ಗಲು ಗೆಲ್ಲುತ್ತದೆ. ತುರ್ಭೆಯ ಬಾವಿಕಟ್ಟೆಯಂಥ ನಲ್ಲಿಯ ಸಾಲನ್ನು ನೋಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇದೇ ನೂಕುನುಗ್ಗಲಿಗೆ ಬೆಂಗಳೂರಿನಲ್ಲಿ ಇನ್ನೊಂದು ಉತ್ತರ ಹುಡುಕಿದರು. ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದ ತಂಡ ಹಳ್ಳಿ ಶಾಲೆಗಳಲ್ಲಿ ಒಂದು ಕಂಪ್ಯೂಟರಿನ ಮುಂದೆ ಹಲವು ಮಕ್ಕಳು ಕುಳಿತಿರುವುದನ್ನು ಕಂಡಿತು. ಮೌಸ್ ಮಾತ್ರ ಒಬ್ಬನ ಕೈಯಲ್ಲಿ, ಅವನು ಸಾಮಾನ್ಯವಾಗಿ ಜೋರಿನ ಹುಡುಗ. ಆಗ ಒಂದೇ ಕಂಪ್ಯೂಟರಿಗೆ ಹಲವು ಮೌಸ್ ಜೋಡಿಸಿ, ಪರದೆಯ ಮೇಲೆ ಒಬ್ಬೊಬ್ಬರಿಗೆ ಒಂದೊಂದು ಬಣ್ಣದ ಬಾಣ ಕೊಟ್ಟರು. 'ಮಲ್ಟಿಪಾಯಿಂಟ್' ಎಂದು ಅದಕ್ಕೆ ಹೆಸರು. ಕೈಗೆ ಮೌಸ್ ಸಿಕ್ಕ ಕೂಡಲೇ ಮೂಲೆಯ ಮಗುವೂ ಆಟಕ್ಕೆ ಬಂತು. ಖರ್ಚು ನಾಲ್ಕೈದು ಮೌಸಿನದು ಮಾತ್ರ.

ಮೂರನೆಯದು ನಮ್ಮ ಗಡಿಯ ಪಕ್ಕದ್ದು. ಕೊಲ್ಹಾಪುರ-ಸಾಂಗಲಿ ಸೀಮೆಯ ವಾರಣಾ ಕಣಿವೆಯ ಎಪ್ಪತ್ತು ಹಳ್ಳಿಗಳಿಗೆ 1998ರಲ್ಲಿ ಕಂಪ್ಯೂಟರ್ ಕೇಂದ್ರಗಳು ಬಂದವು. ಕೃಷಿ, ಶಿಕ್ಷಣ, ಸರ್ಕಾರಿ ಮಾಹಿತಿ, ಎಲ್ಲವೂ ಅಲ್ಲಿ ಸಿಗಲಿ ಎಂಬ ದೊಡ್ಡ ಆಸೆ. ಕೆಲವೇ ವರ್ಷಗಳಲ್ಲಿ ಉಳಿದದ್ದು ಸಕ್ಕರೆ ಕಾರ್ಖಾನೆಯ ಕಬ್ಬಿನ ಲೆಕ್ಕ: ಎಷ್ಟು ಟನ್ ಕೊಟ್ಟೆ, ಎಷ್ಟು ಹಣ ಬರಬೇಕು. ಅಷ್ಟಕ್ಕೆ ಇಡೀ ಕಂಪ್ಯೂಟರ್ ಯಾಕೆಂದು ಏಳು ಹಳ್ಳಿಗಳಲ್ಲಿ ಮೊಬೈಲಿನ ಎಸ್‌ಎಂಎಸ್ ಮೂಲಕ ಅದೇ ಲೆಕ್ಕ ಕೊಟ್ಟು ನೋಡಿದರು, ರೈತರು ಅದನ್ನೇ ಮೆಚ್ಚಿದರು. ಪಾಠ ಸರಳ. ಫೋನಿನಿಂದ ಆಗುವ ಕೆಲಸಕ್ಕೆ ಕೋಣೆ ಕಟ್ಟಬೇಡಿ. ಫೋನಿನಿಂದ ಆಗದ ಕೆಲಸಕ್ಕೆ ಮಾತ್ರ ಕಟ್ಟಿ.

ನಾಲ್ಕನೆಯದು ಪುದುಚೇರಿಯದು. ಎಂ.ಎಸ್. ಸ್ವಾಮಿನಾಥನ್ ಪ್ರತಿಷ್ಠಾನ 1998ರಿಂದ ಅಲ್ಲಿನ ಹಳ್ಳಿಗಳಲ್ಲಿ ಜ್ಞಾನಕೇಂದ್ರಗಳನ್ನು ತೆರೆಯಿತು. ವೀರಾಂಪಟ್ಟಿನಂ ಎಂಬ ಮೀನುಗಾರರ ಊರಿನ ಕೇಂದ್ರದಲ್ಲಿ ಅಮೆರಿಕದ ನೌಕಾಪಡೆಯ ಜಾಲತಾಣದಿಂದ ಸಮುದ್ರದ ಅಲೆಗಳ ಎತ್ತರದ ಮುನ್ಸೂಚನೆ ಇಳಿಸಿಕೊಂಡು, ತಮಿಳಿಗೆ ತಂದು, ದಡದಲ್ಲಿ ಧ್ವನಿವರ್ಧಕದಲ್ಲಿ ಸಾರುತ್ತಿದ್ದರು. ಕಂಪ್ಯೂಟರ್ ಮುಟ್ಟದ ಬೆಸ್ತನಿಗೂ ಅದರ ಫಲ ಸಿಕ್ಕಿತು. ನಡುವೆ ನಿಂತು ಓದಿ, ತನ್ನ ಭಾಷೆಯಲ್ಲಿ ಹೇಳುವ ಊರಿನದೇ ಮನುಷ್ಯ ಇದ್ದದ್ದರಿಂದ ಇದು ಸಾಧ್ಯವಾಯಿತು. ಕೇಂದ್ರವನ್ನು ಯಾವ ಜಾತಿಯವರೂ ಬಂದು ಹೋಗಬಹುದಾದ ಸಾರ್ವಜನಿಕ ಜಾಗದಲ್ಲೇ ಇಡಬೇಕು ಎಂಬುದಕ್ಕೂ ಅವರು ಮಹತ್ವ ಕೊಟ್ಟಿದ್ದರು. ತುರ್ಭೆಯಲ್ಲೂ ಯಾರ ಓಣಿಯಲ್ಲಿ ಕೋಣೆ ತೆರೆಯುತ್ತೀರಿ ಎಂಬುದರ ಮೇಲೆ ಯಾರು ಬರುತ್ತಾರೆ ಎಂಬುದು ನಿರ್ಧಾರವಾಗುತ್ತದೆ.

ಕೊನೆಯದು ತುರ್ಭೆಗೆ ಎಲ್ಲಕ್ಕಿಂತ ಹತ್ತಿರದ್ದು: ಬೆಂಗಳೂರಿನ ಸುದರ್ಶನ್ ಲೇಔಟ್ ಎಂಬ ಕೊಳೆಗೇರಿಯ ಅಂಬೇಡ್ಕರ್ ಸಮುದಾಯ ಕಂಪ್ಯೂಟರ್ ಕೇಂದ್ರ. ಸ್ವತಂತ್ರ ತಂತ್ರಾಂಶ ಚಳವಳಿಯ ಗೆಳೆಯರು ಅಲ್ಲಿನ ಯುವಕರ ಜೊತೆಗೂಡಿ ನಡೆಸಿದ್ದು. ಹಳೆಯ ಯಂತ್ರಗಳು, ಪರವಾನಗಿ ಶುಲ್ಕವಿಲ್ಲದ ಲಿನಕ್ಸ್, ಶನಿವಾರ-ಭಾನುವಾರ ಬಂದು ಕೂರುವ ಎಂಜಿನಿಯರುಗಳು. ಮಕ್ಕಳು 'ಗಿಂಪ್' ಎಂಬ ತಂತ್ರಾಂಶದಲ್ಲಿ ಬಿಡಿಸಿದ ಚಿತ್ರಗಳು ಊರಾಚೆಗೂ ಹೆಸರು ಮಾಡಿದವು. ಅಲ್ಲಿ ದೊಡ್ಡ ಕಂಪನಿಯ ದೇಣಿಗೆಗಿಂತ ಹೆಚ್ಚು ಕೆಲಸ ಮಾಡಿದ್ದು ವಾರ ತಪ್ಪದೆ ಬಂದ ಮನುಷ್ಯರು.

ಬೆಂಗಳೂರಿನ ಆ ಮೈಕ್ರೋಸಾಫ್ಟ್ ಪ್ರಯೋಗಾಲಯ ಕಟ್ಟಿದವರಲ್ಲೊಬ್ಬರಾದ ಕೆಂಟಾರೋ ಟೊಯಾಮಾ, ಇಂಥ ಹಲವು ಪ್ರಯೋಗಗಳನ್ನು ಮಾಡಿ ನೋಡಿದ ಮೇಲೆ 2015ರಲ್ಲಿ ಒಂದು ಪುಸ್ತಕ ಬರೆದರು. ಅವರ ವಾದದ ಸಾರ ಇಷ್ಟು: ಯಂತ್ರ ಇರುವುದನ್ನು ಹಿಗ್ಗಿಸುತ್ತದೆ. ಒಳ್ಳೆಯ ಮೇಷ್ಟರಿದ್ದ ಕಡೆ ಅವರ ಕೆಲಸ ಇಮ್ಮಡಿಯಾಗುತ್ತದೆ. ಮೇಷ್ಟರೇ ಇಲ್ಲದ ಕಡೆ ಅದು ಧೂಳು ಹಿಡಿಯುತ್ತದೆ. ಯಂತ್ರ ಮಾರುವ ಕಂಪನಿಯ ಒಳಗಿದ್ದವರೇ ಹೇಳಿದ ಮಾತಾದ್ದರಿಂದ ಇದಕ್ಕೆ ತೂಕ ಹೆಚ್ಚು.

ಈಗ ತುರ್ಭೆಗೆ ಮರಳೋಣ. ಇಲ್ಲಿ ಕಂಪ್ಯೂಟರ್ ಕಲಿಸುವ ಜಾಗಗಳೇ ಇಲ್ಲವೆಂದಲ್ಲ. ಮಹಾರಾಷ್ಟ್ರದಲ್ಲಿ 2001ರಿಂದ ಎಂಎಸ್-ಸಿಐಟಿ ಎಂಬ ಕೋರ್ಸ್ ನಡೆಯುತ್ತಿದೆ. ರಾಜ್ಯ ಸರ್ಕಾರದ ಹಲವು ಕೆಲಸಗಳಿಗೆ ಅದರ ಪ್ರಮಾಣಪತ್ರ ಬೇಕು. ಆದ್ದರಿಂದ ಊರೂರಿಗೂ, ನಾಕಾ ನಾಕಾಕ್ಕೂ ಅದರ ಕ್ಲಾಸುಗಳಿವೆ. ಲಕ್ಷಾಂತರ ಮಕ್ಕಳಿಗೆ ಮೊದಲ ಸಲ ಮೌಸ್ ಹಿಡಿಸಿದ ಉಪಕಾರ ಆ ಕ್ಲಾಸುಗಳದು. ಆದರೆ ಫೀಸು ಕಟ್ಟಬೇಕು, ಕೋರ್ಸ್ ಮುಗಿದರೆ ಪ್ರಮಾಣಪತ್ರ ಕೊಟ್ಟು ಬಾಗಿಲು ತೋರಿಸುತ್ತಾರೆ. ಜೂನಿನಲ್ಲಿ ಫಾರ್ಮ್ ತುಂಬಲು, ಅಕ್ಟೋಬರಿನಲ್ಲಿ ವಿದ್ಯಾರ್ಥಿವೇತನಕ್ಕೆ ಅರ್ಜಿ ಹಾಕಲು, ಅಪ್ಪನ ಕಟ್ಟಡ ಕಾರ್ಮಿಕರ ನೋಂದಣಿ ನವೀಕರಿಸಲು, ಅಥವಾ ಸುಮ್ಮನೆ ಒಂದು ಕತೆ ಟೈಪ್ ಮಾಡಲು ಹೋಗಿ ಕೂರುವ ಕುರ್ಚಿ ಅದಲ್ಲ. ಇತ್ತ ಅಂಗಡಿಯಲ್ಲಿ ಕೆಲಸ ಆಗುತ್ತದೆ, ಕಲಿಯುವುದಾಗುವುದಿಲ್ಲ. ಅತ್ತ ಕ್ಲಾಸಿನಲ್ಲಿ ಕಲಿಯುವುದಾಗುತ್ತದೆ, ಕೆಲಸ ಆಗುವುದಿಲ್ಲ. ಎರಡರ ನಡುವಿನ ಜಾಗ ಖಾಲಿ ಇದೆ.

ಅದೂ ಎಂಥ ಊರಿನಲ್ಲಿ! ಲೋಕಲಿನ ಕಿಟಕಿಯಿಂದ ನೋಡಿದರೆ ರಬಾಳೆ, ಮಹಾಪೆ, ಐರೋಲಿಯ ಉದ್ದಕ್ಕೂ ಕಿಟಕಿಗಳಿಲ್ಲದ ದೊಡ್ಡ ದೊಡ್ಡ ಕಟ್ಟಡಗಳು ಎದ್ದಿವೆ. ಹಳೆಯ ರಾಸಾಯನಿಕ ಕಾರ್ಖಾನೆಗಳ ಈ ಪಟ್ಟಿ ಈಗ ದೇಶದ ದೊಡ್ಡ ಡೇಟಾ ಸೆಂಟರುಗಳ ತಾಣ. ನಮ್ಮ ಬ್ಯಾಂಕಿನ ಲೆಕ್ಕ, ಸಿನಿಮಾ, ಫೋಟೋ ಎಲ್ಲ ಇಂಥ ಗೋಡೆಗಳೊಳಗೆ ತಣ್ಣಗೆ ಕುಳಿತಿವೆ. ಆ ಕಟ್ಟಡಗಳಿಗೆ ಜಲ್ಲಿ ಹೊತ್ತವರ ಮಗಳು ಹತ್ತು ಕಾಲೇಜುಗಳ ಹೆಸರು ಟೈಪ್ ಮಾಡಲು ಒಂದು ಕೀಲಿಮಣೆ ಸಿಗದೆ ಸಾಲಿನಲ್ಲಿ ನಿಂತಿದ್ದಾಳೆ.

ಹತ್ತು ಕುರ್ಚಿಯ ಕೋಣೆಗೆ ಬೇಕಾದದ್ದೇನು ಎಂದು ಲೆಕ್ಕ ಹಾಕಿದರೆ, ಯಂತ್ರ ಅದರಲ್ಲಿ ಸುಲಭದ ಭಾಗ. ಕಚೇರಿಗಳು ನಾಲ್ಕೈದು ವರ್ಷಕ್ಕೊಮ್ಮೆ ತೆಗೆದುಹಾಕುವ ಕಂಪ್ಯೂಟರುಗಳು ಲಿನಕ್ಸ್ ಹಾಕಿದರೆ ಇನ್ನೂ ಐದು ವರ್ಷ ನಡೆಯುತ್ತವೆ. ಒಂದು ಗಟ್ಟಿ ಕಂಪ್ಯೂಟರಿಗೆ ಹಲವು ಪರದೆ, ಹಲವು ಕೀಲಿಮಣೆ ಜೋಡಿಸಿ ಎಲ್ಲರೂ ಒಟ್ಟಿಗೆ ಬಳಸುವ ವಿಧಾನವೂ ಇದೆ. ನಾವು ಟೈಪ್ ಮಾಡುವಾಗ ಯಂತ್ರದ ಶಕ್ತಿಯ ಬಹುಪಾಲು ಸುಮ್ಮನೆ ಕೂತಿರುತ್ತದೆ, ಅದನ್ನು ಹಂಚುವುದಷ್ಟೇ. 2012ರಲ್ಲಿ 35 ಡಾಲರಿಗೆ ಬಂದ ರಾಸ್‌ಬೆರಿ ಪೈಯಂಥ ಅಂಗೈಯಗಲದ ಯಂತ್ರಗಳು ಕೆಲವೇ ವಾಟ್ ವಿದ್ಯುತ್ತಿನಲ್ಲಿ ನಡೆಯುತ್ತವೆ.

ಕಷ್ಟದ ಭಾಗ ಬೇರೆ. ಸಂಜೆ ಆರಕ್ಕೆ ಬಾಗಿಲು ತೆರೆಯುತ್ತದೆ ಎಂದರೆ ಆರಕ್ಕೆ ತೆರೆಯಬೇಕು, ಮಳೆ ಬಂದರೂ. ಗೋಡೆಯ ಮೇಲೆ ಸರದಿಯ ಪಟ್ಟಿ ಇರಬೇಕು, ಅದರಲ್ಲಿ ಹುಡುಗಿಯರಿಗೆ ಬೆಳಕಿರುವಾಗಿನ ಗಂಟೆಗಳು ಮೀಸಲಾಗಿರಬೇಕು. ಮೇಲ್ವಿಚಾರಣೆಗೆ ಅದೇ ಗಲ್ಲಿಯ, ಹನ್ನೆರಡನೇ ತರಗತಿ ಮುಗಿಸಿದ ಹುಡುಗಿಯೊಬ್ಬಳು ಇರಬೇಕು, ಅವಳಿಗೆ ತಿಂಗಳ ಸಂಬಳ ಸಿಗಬೇಕು. ಪುಕ್ಕಟೆ ಸೇವೆಯನ್ನು ಬಡವರ ಮನೆಯ ಮಗಳಿಂದ ಕೇಳುವುದು ನ್ಯಾಯವಲ್ಲ. ಒಂದು ನಿಯಮ ಬಿಗಿಯಾಗಿರಬೇಕು: ಯಾರ ಫಾರ್ಮನ್ನೂ ಮತ್ತೊಬ್ಬರು ತುಂಬಬಾರದು, ಪಕ್ಕದಲ್ಲಿ ಕೂತು ತೋರಿಸಿಕೊಡಬಹುದು. ಪಾಸ್‌ವರ್ಡ್ ಅವರವರ ನೋಟ್‌ಬುಕ್ಕಿನಲ್ಲಿ. ಮತ್ತು ಅಲ್ಲಿ ಕನ್ನಡ ಇರಬೇಕು. ಫಾರ್ಮ್ ಮರಾಠಿ, ಇಂಗ್ಲಿಷಿನಲ್ಲೇ ಇರಲಿ. "ಇದು ಅಂದ್ರ ಏನ್ರೀ" ಎಂದು ತಾಯಿ ಕೇಳಿದಾಗ ಅವಳ ಮಾತಿನಲ್ಲಿ ಉತ್ತರ ಹೇಳುವವರು ಬೇಕು. ತನ್ನ ಮಗಳು ಏನು ಮಾಡುತ್ತಿದ್ದಾಳೆಂದು ತಾಯಿಗೆ ತಿಳಿದರೆ ಮರುದಿನವೂ ಕಳಿಸುತ್ತಾಳೆ.

ಇದೆಲ್ಲ ಯಾರು ಮಾಡಬೇಕು? ಮುಂಬಯಿ ಕನ್ನಡಿಗರು ಇದನ್ನು ಕೇಳಿ ತಲೆ ಕೆರೆದುಕೊಳ್ಳಬೇಕಾಗಿಲ್ಲ. ನಮ್ಮ ಹಿರಿಯರು ಮಾಡಿ ತೋರಿಸಿದ್ದಾರೆ. ಮೊಗವೀರ ಸಮಾಜದವರು ಮುಂಬಯಿಯಲ್ಲಿ ಉಚಿತ ರಾತ್ರಿ ಶಾಲೆ ತೆರೆದದ್ದು 1908ರಲ್ಲಿ. ಅದರ ಹಿಂದೆ ಮುಂದೆ ಇನ್ನೂ ಹಲವು ಕನ್ನಡ ರಾತ್ರಿ ಶಾಲೆಗಳು ಬಂದವು. ಹಗಲು ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ರಾತ್ರಿ ಬೆಂಚಿನ ಮೇಲೆ ಕುಳಿತು ಎಸ್ಸೆಸ್ಸಿ ಮುಗಿಸಿದರು. ಅವರಲ್ಲಿ ವಕೀಲರಾದರು, ಬ್ಯಾಂಕಿನವರಾದರು, ಹೋಟೆಲಿನ ಮಾಲಕರಾದರು. ಪುಸ್ತಕ ಕೊಳ್ಳಲಾಗದವರಿಗೆ ಪುಸ್ತಕ ಹಂಚಿಕೊಳ್ಳುವ ಕೋಣೆ, ಸಂಜೆ ತಪ್ಪದೆ ಬರುವ ಮೇಷ್ಟರು, ಏಳು ಗಂಟೆಗೆ ಹುಡುಗನನ್ನು ಬಿಟ್ಟುಕೊಡುವ ಮಾಲಕ. ಈ ಮೂರು ಸೇರಿ ಆ ಶಾಲೆಗಳು ನಡೆದವು. ಹಂಚಿಕೆಯ ಕಂಪ್ಯೂಟರ್ ಕೋಣೆಗೂ ಬೇಕಾದದ್ದು ಇವೇ ಮೂರು.

ರಾತ್ರಿ ಶಾಲೆಗಳು ಒಂದೊಂದಾಗಿ ಮುಚ್ಚಿದವು, ಓದಲು ಬರುವ ಹೋಟೆಲ್ ಹುಡುಗರು ಕಡಿಮೆಯಾದರು. ನಾವು ಆ ಬಗ್ಗೆ ಸಭೆಗಳಲ್ಲಿ ಮರುಗುತ್ತೇವೆ. ಆದರೆ ಕನ್ನಡದ ಬಡಮಕ್ಕಳು ಮುಂಬಯಿಗೆ ಬರುವುದು ನಿಂತಿಲ್ಲ. ಅವರು ಕರಾವಳಿಯ ಬದಲು ಕಲ್ಯಾಣ ಕರ್ನಾಟಕದಿಂದ ಬರುತ್ತಿದ್ದಾರೆ, ಫೋರ್ಟಿನ ಬದಲು ತುರ್ಭೆಗೆ ಬರುತ್ತಿದ್ದಾರೆ, ಒಬ್ಬಂಟಿ ಹುಡುಗರ ಬದಲು ಹೆಂಡತಿ ಮಕ್ಕಳ ಸಮೇತ ಬರುತ್ತಿದ್ದಾರೆ. ನಮ್ಮ ಸಂಘಗಳ ವಾರ್ಷಿಕೋತ್ಸವಕ್ಕೆ ಅವರು ಬರುವುದಿಲ್ಲ, ನಾವು ಕರೆದೂ ಇಲ್ಲ.

ಥಾಣೆಯಿಂದ ಪನ್ವೇಲಿನವರೆಗೆ, ಡೊಂಬಿವಲಿ-ಕಲ್ಯಾಣದಲ್ಲಿ, ನಮ್ಮ ಸಂಘಗಳಿಗೆ, ಜಾತಿ ಸಮಾಜಗಳಿಗೆ, ಭಜನಾ ಮಂಡಳಿಗಳಿಗೆ ಸಭಾಗೃಹಗಳಿವೆ, ಕಚೇರಿಗಳಿವೆ. ಅವು ಶನಿವಾರ ಸಂಜೆ ತೆರೆಯುತ್ತವೆ, ಯಕ್ಷಗಾನ, ತಾಳಮದ್ದಳೆ, ಸನ್ಮಾನ ನಡೆಯುತ್ತದೆ. ಸೋಮವಾರದಿಂದ ಶುಕ್ರವಾರದವರೆಗೆ ಹೆಚ್ಚಿನವು ಬೀಗ ಹಾಕಿಕೊಂಡಿರುತ್ತವೆ. ನಮ್ಮಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಗಳಿದ್ದಾರೆ, ಮೇಷ್ಟರಿದ್ದಾರೆ, ಐರೋಲಿಯ ಕಂಪನಿಗಳಲ್ಲಿ ದುಡಿಯುವ ಎಂಜಿನಿಯರುಗಳಿದ್ದಾರೆ. ಹತ್ತು ಜನ ವಾರಕ್ಕೆ ಎರಡು ಗಂಟೆಯಂತೆ ಹಂಚಿಕೊಂಡರೆ ಒಂದು ಕೋಣೆ ಇಡೀ ವಾರ ತೆರೆದಿರುತ್ತದೆ. ಒಬ್ಬ ಹೋಟೆಲ್ ಮಾಲಕ ಒಂದು ವಾರ್ಷಿಕೋತ್ಸವದ ಶಾಮಿಯಾನಕ್ಕೆ ಕೊಡುವ ಹಣದಲ್ಲಿ ಮೇಲ್ವಿಚಾರಕಿಯ ಕೆಲವು ತಿಂಗಳ ಸಂಬಳ ಆಗುತ್ತದೆ.

ಹನ್ನೊಂದನೇ ತರಗತಿಯ ಪ್ರವೇಶ ಪ್ರತಿವರ್ಷ ಮಳೆಯ ಜೊತೆಗೇ ಬರುತ್ತದೆ. ಹತ್ತನೆಯ ಫಲಿತಾಂಶದ ದಿನ ಯಾರಾದರೂ ಸಂಘದ ಕಾರ್ಯದರ್ಶಿಯಿಂದ ಬೀಗದ ಕೀಲಿ ಪಡೆದು, ಮೇಜಿನ ಮೇಲೆ ನಾಲ್ಕು ಹಳೆಯ ಲ್ಯಾಪ್‌ಟಾಪ್ ಇಟ್ಟು, ಬಾಗಿಲ ಹೊರಗೆ ಕನ್ನಡದಲ್ಲಿ ಒಂದು ಬೋರ್ಡ್ ಹಾಕಿದರೆ ಸಾಕು. ಶುರುವಿಗೆ ಹತ್ತು ಕುರ್ಚಿ ಬೇಕಾಗಿಲ್ಲ, ನಾಲ್ಕು ಸಾಕು. ಬೋರ್ಡಿನಲ್ಲಿ ಏನು ಬರೆಯಬೇಕು ಎಂದು ಕೇಳಿದರೆ ನಾನು ಹೇಳುವುದಿಷ್ಟು: "ಇಲ್ಲಿ ನಿಮ್ಮ ಫಾರ್ಮ್ ನೀವೇ ತುಂಬಬಹುದು."